ಹೆಂಗದೀರಿ? ಆರಾಮ ಅದೀನ್ರಿ!

ಹೋದ ವಾರ ಜಮಖಂಡಿಯಿಂದ ನಮ್ಮ ಚಿಗವ್ವನ ಸೊಸೆ ಫೋನ್ ಮಾಡಿದ್ದಳು. ಮದುವೆಯಾಗಿ ನಾಲ್ಕು ವರ್ಷ. ಊಟ ಆಯ್ತಾ, ಮಳೆ ಆಯ್ತಾ, ಮಾವನ ಶುಗರ್ ಹೇಗಿದೆ ಅಂತ ಊರೆಲ್ಲ ಸುತ್ತಿ ಬಂದು ಕೊನೆಗೆ ಧ್ವನಿ ಇಳಿಸಿದಳು. "ಯಕ್ಕಾ, ನಾಡದ ಅದೇನೋ ಟ್ಯೂಬ್ ಟೆಸ್ಟ್ ಐತಿ. ಭಾಳ ಬ್ಯಾನಿ ಆಗತೈತೇನ?"

"ಏನೂ ಆಗಂಗಿಲ್ಲ ತಗೋ" ಅನ್ನೋ ಮಾತು ನಾಲಿಗೆ ತುದಿಗೆ ಬಂದಿತ್ತು. ನನಗೂ ಎಲ್ಲರೂ ಹಾಗೇ ಹೇಳಿದ್ದರು. ಅದನ್ನು ನುಂಗಿಕೊಂಡು, "ಹೌದವ್ವಾ, ಆಗತೈತಿ. ಕುಂದ್ರು, ಹೇಳತೀನಿ" ಅಂದೆ. ಮಾತು ಮುಗಿಯೋ ಹೊತ್ತಿಗೆ ನಲವತ್ತು ನಿಮಿಷ ಆಗಿತ್ತು, ತವೆ ಮೇಲಿನ ರೊಟ್ಟಿ ಕರಕಲಾಗಿತ್ತು. ಅವಳಿಗೆ ಹೇಳಿದ್ದನ್ನೇ ಇಲ್ಲಿ ಬರೆಯುತ್ತಿದ್ದೇನೆ, ಹೇಳದೆ ಬಿಟ್ಟಿದ್ದನ್ನೂ ಸೇರಿಸಿ.

ನಾನು ಬಾಗಲಕೋಟೆಯ ನವನಗರದವಳು. ಹೈಸ್ಕೂಲಿನಲ್ಲಿ ಗಣಿತ ಕಲಿಸುತ್ತೇನೆ. ಮಕ್ಕಳಾಗಲಿಲ್ಲ ಅಂತ ಮಾಡಿಸಿದ ಮೊದಲ ಟೆಸ್ಟ್‌ಗಳೆಲ್ಲ ಇಲ್ಲೇ ಆದವು, ಐವಿಎಫ್, ಅಂದರೆ ಟೆಸ್ಟ್ ಟ್ಯೂಬ್ ಬೇಬಿ ಚಿಕಿತ್ಸೆ, ಮಾತ್ರ ಬೆಳಗಾವಿಯಲ್ಲಿ. ನಾನು ಡಾಕ್ಟರ್ ಅಲ್ಲ. ಮಾತ್ರೆ ವಿಷಯ ಬಂದಾಗೆಲ್ಲ ನಿಮ್ಮ ಡಾಕ್ಟರನ್ನು ಕೇಳಿ, ನನ್ನನ್ನಲ್ಲ.

ಮೊದಲು ಆ ಟ್ಯೂಬ್ ಟೆಸ್ಟ್. ಟ್ಯೂಬ್ ಅಂದರೆ ಅಂಡಾಶಯದಿಂದ ಗರ್ಭಕೋಶಕ್ಕೆ ಮೊಟ್ಟೆ ಬರೋ ನಳಿಕೆ, ಎರಡಿರುತ್ತವೆ. ಹೆಸರು ಎಚ್‌ಎಸ್‌ಜಿ. ಪಿರಿಯಡ್ಸ್ ನಿಂತ ಮೇಲೆ, ಮೊಟ್ಟೆ ಬಿಡುಗಡೆ ಆಗೋ ಮುಂಚೆ, ಆ ನಡುವಿನ ಕೆಲವು ದಿನಗಳಲ್ಲಿ ಮಾಡುತ್ತಾರೆ. ಎಕ್ಸ್‌ರೇ ಟೇಬಲ್ ಮೇಲೆ ಮಲಗಿಸಿ, ಕೆಳಗಿನಿಂದ ಸಣ್ಣ ನಳಿಗೆ ಹಾಕಿ, ಎಕ್ಸ್‌ರೇಯಲ್ಲಿ ಬೆಳ್ಳಗೆ ಕಾಣೋ ಔಷಧವನ್ನು ಗರ್ಭಕೋಶಕ್ಕೆ ಬಿಡುತ್ತಾರೆ. ಅದು ಎರಡೂ ಟ್ಯೂಬ್‌ನಿಂದ ಹೊರಗೆ ಹರಿದರೆ ಟ್ಯೂಬ್ ತೆರೆದಿದೆ ಅಂತ ಅರ್ಥ. ಅಷ್ಟೇ. ಐದಾರು ನಿಮಿಷದ ಕೆಲಸ.

ಆದರೆ ಆ ಔಷಧ ತುಂಬೋ ಒಂದೆರಡು ನಿಮಿಷ ಇದೆಯಲ್ಲ, ಒಳಗಿನಿಂದ ಯಾರೋ ಒದ್ದೆ ಬಟ್ಟೆ ಹಿಂಡಿದ ಹಾಗೆ. ನನಗೆ ಕಿವಿ ಗುಂಯ್ ಅಂತು, ಕಣ್ಣು ಕತ್ತಲೆ ಬಂತು. ಎಲ್ಲರಿಗೂ ಇಷ್ಟು ಆಗಲ್ಲ. ನನ್ನ ಜೊತೆ ಹೊರಗೆ ಕೂತಿದ್ದ ಮುಧೋಳದ ಹೆಣ್ಣುಮಗಳು ನಗುತ್ತಾ ಎದ್ದು ಬಂದಿದ್ದಳು. ಟ್ಯೂಬ್ ಮುಚ್ಚಿದ್ದರೆ, ಇಲ್ಲ ಹೆದರಿಕೆಗೆ ಬಿಗಿದುಕೊಂಡರೆ ನೋವು ಜಾಸ್ತಿ. ನಾನು ಖಾಲಿ ಕೈಯಲ್ಲಿ ಹೋಗಿದ್ದೆ, ಒಂದು ಮಾತ್ರೆ ಕೂಡ ನುಂಗಿರಲಿಲ್ಲ. ಅರ್ಧ ಗಂಟೆ, ಒಂದು ಗಂಟೆ ಮುಂಚೆ ನೋವಿನ ಮಾತ್ರೆ ತಗೊಂಡು ಹೋಗೋದು ಮಾಮೂಲಿ ಅಂತ ಆಮೇಲೆ ಗೊತ್ತಾಯ್ತು. ಪಿರಿಯಡ್ಸ್ ಹೊಟ್ಟೆನೋವಿಗೆ ಅರ್ಧ ಊರು ನುಂಗುತ್ತಲ್ಲ, ಆ ಮೆಫೆನಾಮಿಕ್ ಆಸಿಡ್ ಮಾತ್ರೆಯನ್ನೇ ಎಷ್ಟೋ ಡಾಕ್ಟರ್‌ಗಳು ಬರೆದುಕೊಡುತ್ತಾರೆ. ಅಸ್ತಮಾ, ಹೊಟ್ಟೆ ಹುಣ್ಣು ಇರುವವರು ಮೊದಲೇ ಹೇಳಬೇಕು. ಅಯೋಡಿನ್ ಅಲರ್ಜಿ ಇದ್ದರೂ ಹೇಳಬೇಕು, ಯಾಕೆಂದರೆ ಆ ಎಕ್ಸ್‌ರೇ ಔಷಧದಲ್ಲಿ ಅದೇ ಇರೋದು. ಟೆಸ್ಟ್ ಆದ ಮೇಲೆ ಒಂದೆರಡು ದಿನ ಸ್ವಲ್ಪ ರಕ್ತ, ಅಂಟಂಟು ನೀರು ಹೋಗುತ್ತೆ. ಜ್ವರ ಬಂದರೆ, ಕೆಟ್ಟ ವಾಸನೆ ಬಂದರೆ ಮಾತ್ರ ಮನೆಯಲ್ಲಿ ಕೂರಬಾರದು.

ಅವತ್ತು ಟೇಬಲ್‌ನಿಂದ ಇಳಿದಾಗ ಅಲ್ಲಿದ್ದವರು, "ಹೆಂಗದೀರಿ ಅಕ್ಕೋರ?" ಅಂದರು.

"ಆರಾಮ ಅದೀನ್ರಿ" ಅಂದೆ.

ನಮ್ಮ ಕಡೆ ಇದೊಂದು ರೋಗ. ಮನೆಗೆ ಬೆಂಕಿ ಬಿದ್ದಿದ್ದರೂ ಎದುರು ಬಂದವರು ಹೆಂಗದೀರಿ ಅಂದರೆ ಆರಾಮ ಅಂತಲೇ ಉತ್ತರ. ಬಾಯಿಗೆ ಅದು ಎಷ್ಟು ರೂಢಿ ಆಗಿದೆ ಅಂದರೆ ಅರ್ಥವೇ ಉಳಿದಿಲ್ಲ. ಮುಂದಿನ ಒಂದೂವರೆ ವರ್ಷ ನಾನು ಡಾಕ್ಟರ್, ಸಿಸ್ಟರ್, ಅರಿವಳಿಕೆ ಕೊಡುವವರು, ಎಲ್ಲರಿಗೂ ಇದೊಂದೇ ಮಾತು ಹೇಳಿದ್ದೇನೆ. ಬೆಳಗಾವಿಯ ಸಿಸ್ಟರ್ ಒಬ್ಬರು, "ನೋವಿಗೆ ಹತ್ತಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?" ಅಂತ ಕೇಳುತ್ತಿದ್ದರು. ದಿನಾ ಮಕ್ಕಳಿಗೆ ಮಾರ್ಕ್ಸ್ ಹಾಕೋಳು ನಾನು. ಆದರೂ ಪ್ರತಿ ಸಲ ಎರಡು, ಎರಡು, ಎರಡು.

ಎಚ್‌ಎಸ್‌ಜಿ ರಿಪೋರ್ಟ್ ಸರಿ ಇಲ್ಲ ಅಂತ ಲ್ಯಾಪ್ರೋಸ್ಕೋಪಿ ಮಾಡಿದರು. ಹೊಟ್ಟೆಗೆ ಸಣ್ಣ ತೂತು ಮಾಡಿ ಕ್ಯಾಮೆರಾದಿಂದ ಒಳಗೆ ನೋಡೋದು. ಅದರ ಬಗ್ಗೆ ಒಂದೇ ವಿಷಯ ಹೇಳುತ್ತೇನೆ. ಹೊಟ್ಟೆಗೆ ತೂತು ಮಾಡಿದರೆ ಭುಜ ನೋಯುತ್ತೆ! ಎರಡನೇ ದಿನ ಬಲಭುಜದಲ್ಲಿ ಚುಚ್ಚಿದ ಹಾಗೆ ಶುರುವಾದಾಗ ಹಾರ್ಟ್ ಅಟ್ಯಾಕೇ ಇರಬೇಕು ಅಂತ ರಾತ್ರಿ ಎಲ್ಲ ದೇವರನ್ನು ನೆನೆದೆ. ನೋಡಲು ಜಾಗ ಆಗಲಿ ಅಂತ ಹೊಟ್ಟೆಯೊಳಗೆ ಗಾಳಿ ಊದಿರುತ್ತಾರೆ, ಕಾರ್ಬನ್ ಡೈಆಕ್ಸೈಡ್. ಉಳಿದದ್ದು ಮೇಲಕ್ಕೆ ಹೋಗಿ, ಎದೆ ಹೊಟ್ಟೆ ನಡುವಿನ ಪೊರೆ ಇದೆಯಲ್ಲ, ಆ ವಪೆಯನ್ನು ಕೆರಳಿಸುತ್ತೆ. ವಪೆಯ ನರ, ಭುಜದ ನರ ಎರಡೂ ಕತ್ತಿನ ಒಂದೇ ಕಡೆಯಿಂದ ಬರುವುದರಿಂದ ನೋವು ಭುಜದಲ್ಲಿ ಕಾಣುತ್ತೆ. ಮನೆಯೊಳಗೇ ನಿಧಾನಕ್ಕೆ ಓಡಾಡಿದರೆ ಎರಡು ಮೂರು ದಿನದಲ್ಲಿ ಹೋಗುತ್ತೆ. ಇಷ್ಟನ್ನು ಡಿಸ್ಚಾರ್ಜ್ ಚೀಟಿಯಲ್ಲಿ ಒಂದು ಸಾಲು ಬರೆದಿದ್ದರೆ ನನ್ನ ಒಂದು ರಾತ್ರಿ ನಿದ್ದೆ ಉಳಿಯುತ್ತಿತ್ತು.

ಆಮೇಲೆ ಐವಿಎಫ್. ಮೊಟ್ಟೆ ಬೆಳೆಸೋ ಇಂಜೆಕ್ಷನ್, ನನಗೆ ಹನ್ನೊಂದು ದಿನ, ಹೊಟ್ಟೆಗೆ. ಎಲ್ಲರೂ ಹೆದರೋದು ಇದಕ್ಕೇ, ನಿಜ ಹೇಳಬೇಕೆಂದರೆ ಇದರಲ್ಲಿ ಹೆದರುವಂಥದ್ದು ಏನೂ ಇಲ್ಲ. ಕೂದಲೆಳೆಯಂಥ ಸೂಜಿ. ಹೊಕ್ಕಳಿನಿಂದ ಎರಡು ಬೆರಳು ದೂರ, ಒಂದು ದಿನ ಎಡಕ್ಕೆ, ಒಂದು ದಿನ ಬಲಕ್ಕೆ. ಫ್ರಿಜ್‌ನಿಂದ ತೆಗೆದ ಕೂಡಲೇ ಚುಚ್ಚಿದರೆ ಉರಿಯುತ್ತೆ, ಸ್ವಲ್ಪ ಹೊತ್ತು ಹೊರಗಿಡಿ. ಸ್ಪಿರಿಟ್ ಒರೆಸಿದ ಜಾಗ ಪೂರ್ತಿ ಒಣಗಬೇಕು, ಹಸಿ ಇದ್ದರೆ ಅದೂ ಉರಿ. ಚುಚ್ಚೋ ಮುಂಚೆ ಬಟ್ಟೆಯಲ್ಲಿ ಸುತ್ತಿದ ಐಸ್ ಒಂದು ನಿಮಿಷ ಹಿಡಿದರೆ ಗೊತ್ತೇ ಆಗಲ್ಲ. ನಮ್ಮ ಮನೆಯವರು ಮೊದಲ ದಿನ ಕೈ ನಡುಗಿಸಿಕೊಂಡು ನಿಂತಿದ್ದರು, ಎರಡನೇ ದಿನದಿಂದ ನಾನೇ ಹಾಕಿಕೊಂಡೆ. ಅವರದೂ ಒಂದು ಕಷ್ಟ ಇತ್ತು ಪಾಪ, ಕೈಯಲ್ಲಿ ಡಬ್ಬಿ ಕೊಟ್ಟು ಒಂದು ಕೋಣೆಗೆ ಕಳಿಸಿದರಲ್ಲ. "ಹೊರಗ ಕುರ್ಚಿ ಮ್ಯಾಲ ಕುಂತಾವ್ರೆಲ್ಲ ನನ್ನ ಮುಖಾನ ನೋಡಾಕತ್ತಿದ್ರು" ಅಂತ ಈಗಲೂ ಹೇಳುತ್ತಾರೆ.

ಎಗ್ ಪಿಕಪ್‌ಗೆ, ಅಂದರೆ ಬೆಳೆದ ಮೊಟ್ಟೆಗಳನ್ನು ಹೊರತೆಗೆಸೋಕೆ, ಜುಲೈನಲ್ಲಿ ಬೆಳಗಾವಿಗೆ ಹೋದೆವು. ಅಲ್ಲಿ ಜಿಟಿಜಿಟಿ ಮಳೆ, ಬಾಗಲಕೋಟೆಯ ಸೆಖೆಯಿಂದ ಹೋದ ನಮಗೆ ಊಟಿಗೆ ಹೋದ ಹಾಗೆ. ಬೆಳಗಾವಿಯೊಳಗಿನ ಶಹಾಪುರದಲ್ಲಿ ಮಾವನ ಕಡೆಯವರ ಮನೆಯಲ್ಲಿ ಉಳಿದುಕೊಂಡೆವು. ರಾತ್ರಿ ಸರಿಯಾಗಿ ಹತ್ತೂವರೆಗೆ ಮೊಟ್ಟೆ ಪಕ್ವ ಮಾಡೋ ಟ್ರಿಗರ್ ಇಂಜೆಕ್ಷನ್, ಅದಾಗಿ 35 ಗಂಟೆಗೆ, ಅಂದರೆ ಮರುದಿನ ಬಿಟ್ಟು ಅದರ ಮರುದಿನ ಬೆಳಿಗ್ಗೆ ಒಂಬತ್ತೂವರೆಗೆ ಪಿಕಪ್. ಅರಿವಳಿಕೆಗೆ ಅಂತ ಹಾಲಿನಂಥ ಬಿಳಿ ಔಷಧ ಕೈಗೆ ಏರಿಸಿದಾಗ ಮೊಣಕೈವರೆಗೆ ಚುರ್ ಅಂತ ಉರಿ ಹತ್ತಿತು. ಆಮೇಲೆ ಕಣ್ಣು ಬಿಟ್ಟಾಗ ಎಲ್ಲ ಮುಗಿದಿತ್ತು.

ಆ ದಿನಗಳಲ್ಲಿ ಸುಮ್ನೆ ಮೊಬೈಲ್‌ನಲ್ಲಿ ಓದುತ್ತಾ ಬಿದ್ದಿರುತ್ತಿದ್ದೆ. 1978ರ ಜುಲೈ 25ಕ್ಕೆ ಇಂಗ್ಲೆಂಡಿನಲ್ಲಿ ಮೊದಲ ಟೆಸ್ಟ್ ಟ್ಯೂಬ್ ಬೇಬಿ ಹುಟ್ಟಿದ್ದು. ಅದೇ ವರ್ಷ ಅಕ್ಟೋಬರ್ 3ಕ್ಕೆ ಕೋಲ್ಕತ್ತಾದಲ್ಲಿ ಡಾಕ್ಟರ್ ಸುಭಾಷ್ ಮುಖೋಪಾಧ್ಯಾಯ ಅವರ ಕೈಯಲ್ಲಿ ಭಾರತದ ಮೊದಲ ಮಗು, ದುರ್ಗಾ. ಇಂಗ್ಲೆಂಡಿನವರು ಮೊಟ್ಟೆ ತೆಗೆದಿದ್ದು ಹೊಟ್ಟೆಗೆ ತೂತು ಮಾಡಿ, ಲ್ಯಾಪ್ರೋಸ್ಕೋಪಿಯಿಂದ. ನಮ್ಮ ಮುಖೋಪಾಧ್ಯಾಯರು ಕೆಳಗಿನಿಂದಲೇ ತೆಗೆದರು, ಇಂಜೆಕ್ಷನ್ ಕೊಟ್ಟು ಮೊಟ್ಟೆ ಬೆಳೆಸಿದರು, ಭ್ರೂಣವನ್ನು ಫ್ರೀಜ್ ಮಾಡಿ ಇಟ್ಟು ಆಮೇಲೆ ಹಾಕಿದರು. ಇವತ್ತು ನನಗೆ ಮಾಡಿದ್ದೂ ಹೆಚ್ಚುಕಡಿಮೆ ಇದೇ ದಾರಿ! ಆದರೆ ಆ ತಾಯಿಗೆ ಎಷ್ಟು ನೋವಾಗಿತ್ತು ಅಂತ ನಾನು ಓದಿದ್ದರಲ್ಲಿ ಎಲ್ಲೂ ಇರಲಿಲ್ಲ. ಆಕೆಯೂ ಬಂಗಾಳಿಯಲ್ಲಿ ಆರಾಮ ಅದೀನಿ ಅಂದಿರಬೇಕು.

ಪಿಕಪ್ ಆದ ಮೇಲಿನ ನೋವು ಪಿರಿಯಡ್ಸ್‌ನ ಎರಡನೇ ದಿನದಷ್ಟು. ಹೊಟ್ಟೆ ಡೊಳ್ಳು. ತಪ್ಪು ಮಾಡಿದ್ದು ನಾನು. ರಜೆ ಉಳಿಸಬೇಕು ಅಂತ ಅವತ್ತೇ ಸಂಜೆ ಕಾರು ಹತ್ತಿದೆ. ಬೆಳಗಾವಿಯಿಂದ ಯರಗಟ್ಟಿ, ಲೋಕಾಪುರ, ಕಲಾದಗಿ ದಾಟಿ ಬಾಗಲಕೋಟೆ, ಹತ್ತಿರ ಹತ್ತಿರ ನೂರೈವತ್ತು ಕಿಲೋಮೀಟರ್. ನಡುವೆ ಎಷ್ಟು ಹಂಪ್ ಇವೆ ಅಂತ ಲೋಕೋಪಯೋಗಿ ಇಲಾಖೆಗಿಂತ ನನಗೆ ಚೆನ್ನಾಗಿ ಗೊತ್ತು. ಒಂದೊಂದು ಹಂಪ್‌ಗೂ ಒಳಗಿದ್ದ ಅಂಡಾಶಯ ಎರಡೂ ಗೋಡೆಗೆ ಬಡಿದ ಹಾಗೆ. ದಿಂಬು ಹೊಟ್ಟೆಗೆ ಒತ್ತಿಕೊಂಡು ಕೂತಿದ್ದೆ. ಮನೆಯವರು "ಭಾಳ ಆಗಾಕತ್ತೈತೇನ?" ಅಂದಾಗಲೆಲ್ಲ ಅದೇ ಉತ್ತರ. ದಯವಿಟ್ಟು ಒಂದು ರಾತ್ರಿ ಅಲ್ಲೇ ಉಳಿಯಿರಿ. ಪ್ಯಾರಾಸಿಟಮಾಲ್, ಬಟ್ಟೆ ಸುತ್ತಿದ ಬಿಸಿನೀರಿನ ಚೀಲ, ಗಂಜಿ, ಮಜ್ಜಿಗೆ. ಮಲಬದ್ಧತೆ ಆದರೆ ನೋವು ಎರಡರಷ್ಟು, ಅದನ್ನು ಯಾರೂ ಹೇಳಲ್ಲ. ಬೇರೆ ನೋವಿನ ಮಾತ್ರೆ ಮನೆಯಲ್ಲಿದೆ ಅಂತ ನುಂಗಬೇಡಿ. ಎಚ್‌ಎಸ್‌ಜಿಗೆ ಸರಿ ಇದ್ದದ್ದನ್ನು ಈ ಹಂತದಲ್ಲಿ ಎಷ್ಟೋ ಡಾಕ್ಟರ್‌ಗಳು ಬೇಡ ಅಂತಾರೆ.

ಇನ್ನು ಇದೊಂದನ್ನು ಮಾತ್ರ ಸಹಿಸಿಕೊಂಡು ಕೂರಲೇಬಾರದು. ಪಿಕಪ್ ಆದ ಮೇಲೆ ಹೊಟ್ಟೆ ಉಬ್ಬುತ್ತಲೇ ಹೋದರೆ, ದಿನಕ್ಕೆ ಒಂದು ಕಿಲೋಗಿಂತ ಜಾಸ್ತಿ ತೂಕ ಏರಿದರೆ, ಮೂತ್ರ ಕಡಿಮೆ ಆದರೆ, ವಾಂತಿ ನಿಲ್ಲದಿದ್ದರೆ, ಉಸಿರು ಕಟ್ಟಿದ ಹಾಗಾದರೆ, ಆವಾಗ ಫೋನ್ ಮಾಡಿ, ರಾತ್ರಿ ಎರಡಾಗಿದ್ದರೂ ಸರಿ. ಅಂಡಾಶಯ ಜಾಸ್ತಿ ಕೆರಳಿದಾಗ ಹೊಟ್ಟೆಯಲ್ಲಿ ನೀರು ತುಂಬುತ್ತೆ. ನನಗೆ ಸ್ವಲ್ಪ ಆ ಲಕ್ಷಣ ಇತ್ತು. ಅದಕ್ಕೇ ಭ್ರೂಣಗಳನ್ನು ಫ್ರೀಜ್ ಮಾಡಿ, ಸೆಪ್ಟೆಂಬರ್‌ಗೆ ಬನ್ನಿ ಅಂದರು.

ಭ್ರೂಣವನ್ನು ಗರ್ಭಕೋಶಕ್ಕೆ ಬಿಡೋ ಟ್ರಾನ್ಸ್‌ಫರ್‌ನಲ್ಲಿ ನೋವೇ ಇಲ್ಲ. ಇರೋದು ಮೂತ್ರದ ಕಷ್ಟ. ಮೂತ್ರಕೋಶ ತುಂಬಿದ್ದರೆ ಸ್ಕ್ಯಾನ್‌ನಲ್ಲಿ ಗರ್ಭಕೋಶ ಚೆನ್ನಾಗಿ ಕಾಣುತ್ತೆ ಅಂತ ಒಂದು ಲೀಟರ್ ನೀರು ಕುಡಿಸಿ, ಡಾಕ್ಟರ್ ನಲವತ್ತು ನಿಮಿಷ ತಡ ಮಾಡಿ ಬಂದರು. ಅಷ್ಟೇ, ಮುಂದೆ ಹೋಗೋಣ.

ಅಸಲು ಕಥೆ ಗರ್ಭ ನಿಲ್ಲೋಕೆ ಬೇಕಾದ ಹಾರ್ಮೋನ್, ಪ್ರೊಜೆಸ್ಟರಾನ್ ಇಂಜೆಕ್ಷನ್‌ದು. ಟ್ರಾನ್ಸ್‌ಫರ್‌ಗೆ ಐದು ದಿನ ಮುಂಚೆ ಶುರು. ಎಣ್ಣೆಯಲ್ಲಿ ಕಲಸಿದ ಔಷಧ, ಉದ್ದ ಸೂಜಿ, ದಿನಾ ಸಂಜೆ ಸೊಂಟದ ಕೆಳಗೆ. ಗರ್ಭ ನಿಂತರೆ ಇನ್ನೂ ಎಷ್ಟೋ ವಾರ ಮುಂದುವರಿಯುತ್ತೆ. ನಮ್ಮ ಓಣಿ ಹಿಂದೆ ಒಬ್ಬ ಕಾಂಪೌಂಡರ್ ಇದ್ದಾರೆ, ಅವರ ಕಡೆ ಹಾಕಿಸಿಕೊಳ್ಳುತ್ತಿದ್ದೆ. ನಾಲ್ಕನೇ ದಿನಕ್ಕೆ ಎರಡೂ ಕಡೆ ಗಂಟು. ಆರನೇ ದಿನಕ್ಕೆ ಕೂರೋದು ಬಿಟ್ಟೆ. ಕ್ಲಾಸಿನಲ್ಲಿ ನಿಂತೇ ಪಾಠ, ಸ್ಟಾಫ್ ರೂಮಿನಲ್ಲಿ ನಿಂತೇ ಪೇಪರ್ ತಿದ್ದೋದು. ಒಂಬತ್ತನೇ ಕ್ಲಾಸಿನ ಹುಡುಗಿಯೊಬ್ಬಳು ಹಿಂದಿನ ಬೆಂಚಿಗೆ ಪಿಸುಗುಟ್ಟಿದ್ದು ಕೇಳಿಸಿತು. "ಅಕ್ಕೋರು ಒಂದ ವಾರದಿಂದ ಕುರ್ಚಿ ಮ್ಯಾಲ ಕುಂತೇ ಇಲ್ಲ ನೋಡ."

ಆಗ ಯಾಕೆ ಬಾಯಿ ಬಿಡಲಿಲ್ಲ? ಅತ್ತೆ "ತಾಯಿ ಆಗಬೇಕಂದ್ರ ಇಷ್ಟರ ತಡ್ಕೋಬೇಕವ್ವಾ" ಅಂದಿದ್ದರು, ನಿಜ. ಆದರೆ ತಪ್ಪೆಲ್ಲ ಅವರ ಮೇಲೆ ಹಾಕಿದರೆ ಸುಳ್ಳಾಗುತ್ತೆ. ನನ್ನ ತಲೆಯಲ್ಲೇ ಒಂದು ಲೆಕ್ಕ ಓಡುತ್ತಿತ್ತು. ಬಾದಾಮಿ ಬನಶಂಕರಿಗೆ ದೀಡ ನಮಸ್ಕಾರ ಹಾಕೋರನ್ನು ಚಿಕ್ಕಂದಿನಿಂದ ನೋಡಿದ್ದೇನೆ. ಮೈ ತರಚುತ್ತೆ, ಮೊಣಕಾಲು ಕಿತ್ತು ಬರುತ್ತೆ, ಯಾರೂ ಮುಲಾಮು ಹಚ್ಚಿಕೊಂಡು ಹಾಕಲ್ಲ. ನನಗೆ ಈ ಗಂಟುಗಳೂ ಹಾಗೇ ಕಾಣತೊಡಗಿದವು. ಇಷ್ಟು ನೋವು ತಿಂದರೆ ಅಷ್ಟು ಫಲ. ಮಾತ್ರೆ ತಗೊಂಡರೆ, ಐಸ್ ಇಟ್ಟುಕೊಂಡರೆ ಹರಕೆಯಲ್ಲಿ ಕಡಿತ. ಎಂಎಸ್ಸಿ ಓದಿದವಳು ಹೀಗೆ ಯೋಚಿಸಿದ್ದೆ ಅಂತ ಬರೆಯೋಕೆ ನಾಚಿಕೆ ಆಗುತ್ತೆ, ಆದರೂ ಇರಲಿ.

ಅಕ್ಟೋಬರ್ ಮೊದಲ ವಾರದಲ್ಲಿ ರಕ್ತ ಪರೀಕ್ಷೆ. ನೆಗೆಟಿವ್.

ಇಂಜೆಕ್ಷನ್ ನಿಲ್ಲಿಸಿದ ಮೂರನೇ ದಿನಕ್ಕೆ ಪಿರಿಯಡ್ಸ್ ಬಂತು. ಆ ಸಲ ಭಾರಿ ಜಾಸ್ತಿ. ಈ ನೋವನ್ನು ಯಾವ ಸಿಸ್ಟರ್ ಕೂಡ ಹತ್ತಕ್ಕೆ ಎಷ್ಟು ಅಂತ ಕೇಳಲ್ಲ, ಯಾಕೆಂದರೆ ನೀವು ಆಗ ಆಸ್ಪತ್ರೆಯಲ್ಲಿ ಇರಲ್ಲ. ಅದೇ ದಿನಗಳಲ್ಲಿ ಸೀಗಿ ಹುಣ್ಣಿಮೆ ಬಂತು. ಎಲ್ಲರೂ ಹೊಲಕ್ಕೆ ಹೋದೆವು. ಸೀಗಿ ಹುಣ್ಣಿಮೆ ಅಂದರೆ ನಮ್ಮಲ್ಲಿ ಭೂಮಿತಾಯಿಗೆ ಬಯಕೆ ಊಟ, ಬೆಳೆ ಹೊತ್ತ ಹೊಲ ಬಸುರಿ ಅಂತ ಉಡಿ ತುಂಬಿ ಚರಗ ಚೆಲ್ಲೋದು. ಕಡುಬು, ಪುಂಡಿಪಲ್ಯ, ರೊಟ್ಟಿ ಎಲ್ಲ ಬುಟ್ಟಿಯಲ್ಲಿ. ಎಲ್ಲರೂ ಜೋಳದ ನಡುವೆ ಸಾಲಾಗಿ ಕೂತು ಉಣ್ಣುತ್ತಿದ್ದರು. ನಾನು ಬದುವಿನ ಮೇಲೆ ನಿಂತು ಉಂಡೆ. ಕೂರೋಕೆ ಇನ್ನೂ ಆಗುತ್ತಿರಲಿಲ್ಲ. ಅಷ್ಟು ನೋವು ತಿಂದಿದ್ದಕ್ಕೆ ಎಲ್ಲಿ ರಸೀದಿ, ಯಾರನ್ನು ಕೇಳಲಿ ಅಂತ ಸಿಟ್ಟು. ನಾನು ನಿಂತೇ ಇದ್ದಿದ್ದನ್ನು ಅತ್ತೆ ಅವತ್ತು ನೋಡಿದರು ಅನಿಸುತ್ತೆ. ಏನೂ ಅನ್ನಲಿಲ್ಲ.

ಎರಡನೇ ಸಲ ಡಿಸೆಂಬರ್‌ನಲ್ಲಿ ಹೋದಾಗ ಡಾಕ್ಟರ್ ಮಾಮೂಲಿನಂತೆ "ಹೆಂಗದೀರಿ?" ಅಂದರು. "ಆರಾಮಿಲ್ರಿ" ಅಂದೆ. ಅಂದಿದ್ದೇ ತಡ, ಗಂಟು, ಕೂರಲಾಗದ್ದು, ಯರಗಟ್ಟಿ ಹಂಪು, ಎಲ್ಲ ಹೊರಗೆ ಬಂತು. ಅವರು ಪೆನ್ನು ಕೆಳಗಿಟ್ಟು, "ಮೊದಲ ಯಾಕ ಹೇಳಲಿಲ್ಲ? ಫೈಲ್‌ನಾಗ ಎಲ್ಲಾ ಕಡೆ ಎರಡು ಮಾರ್ಕ್ಸ್ ಅಂತ ಐತಲ್ಲ" ಅಂದರು. ಪ್ರೊಜೆಸ್ಟರಾನ್ ಕೆಳಗೆ ಇಟ್ಟುಕೊಳ್ಳೋ ಕ್ಯಾಪ್ಸೂಲ್, ಜೆಲ್ ರೂಪದಲ್ಲೂ ಬರುತ್ತೆ, ಚರ್ಮದ ಕೆಳಗೆ ಹಾಕೋ ಇಂಜೆಕ್ಷನ್ ಕೂಡ ಇದೆ. ಯಾರಿಗೆ ಯಾವುದು ಅಂತ ಅವರೇ ನೋಡಿ ಹೇಳಬೇಕು. ನನಗೆ ಕ್ಯಾಪ್ಸೂಲ್ ಜೊತೆ ಎಣ್ಣೆ ಇಂಜೆಕ್ಷನ್ ದಿನ ಬಿಟ್ಟು ದಿನ ಅಂತ ಬದಲಿಸಿದರು.

ಆ ಇಂಜೆಕ್ಷನ್ ಹಾಕಿಸಿಕೊಳ್ಳೋದಕ್ಕೂ ಒಂದು ರೀತಿ ಇದೆ ಅಂತ ಆಗ ಕಲಿತೆ. ಔಷಧ ತಣ್ಣಗಿದ್ದರೆ ಎಣ್ಣೆ ಗಟ್ಟಿ, ಒಳಗೆ ಹೋಗೋಕೆ ಹಟ ಮಾಡುತ್ತೆ. ಅದಕ್ಕೆ ಬಾಟ್ಲಿಯನ್ನು ಹತ್ತು ನಿಮಿಷ ಅಂಗೈಯಲ್ಲಿ ಹಿಡಿದು ಬೆಚ್ಚಗೆ ಮಾಡಬೇಕು, ಒಲೆ ಮೇಲೆ ಅಲ್ಲ. ಸೂಜಿ ಹೋಗಬೇಕಾದ್ದು ಪಿರ್ರೆಯ ಮೇಲಿನ ಹೊರಗಿನ ಕಾಲು ಭಾಗಕ್ಕೆ, ನಡುವೆ ನರ ಇರುತ್ತೆ. ಯಾವ ಕಡೆ ಹಾಕುತ್ತಾರೋ ಆ ಕಾಲಿನ ಮೇಲೆ ಭಾರ ಬಿಡಬಾರದು, ಇನ್ನೊಂದು ಕಾಲಿನ ಮೇಲೆ ನಿಂತು, ಈ ಕಾಲಿನ ಹೆಬ್ಬೆರಳು ಒಳಕ್ಕೆ ತಿರುಗಿಸಿದರೆ ಮಾಂಸ ಸಡಿಲ ಆಗುತ್ತೆ. ನಿಧಾನಕ್ಕೆ ಹಾಕಿ ಅಂತ ಹೇಳಬೇಕು. ಕಾಂಪೌಂಡರ್‌ಗೆ ಸಂಜೆ ಜನ ಜಾಸ್ತಿ, ಅವಸರ. ಹೇಳಿದರೆ ಬೇಜಾರು ಮಾಡಿಕೊಳ್ಳಲ್ಲ. ಆಮೇಲೆ ಉಜ್ಜಿ, ಬಿಸಿ ಬಟ್ಟೆ ಕಾವು ಕೊಟ್ಟು, ಹತ್ತು ನಿಮಿಷ ಓಡಾಡಬೇಕು. ಕಾವು ಪಿರ್ರೆಗೆ ಮಾತ್ರ. ಟ್ರಾನ್ಸ್‌ಫರ್ ಆದ ಮೇಲೆ ಹೊಟ್ಟೆ ಮೇಲೆ ಬಿಸಿ ಇಡಬೇಡಿ ಅಂದಿದ್ದರು ನಮ್ಮ ಡಾಕ್ಟರ್.

ಇದನ್ನೆಲ್ಲ ಮನೆಯಲ್ಲಿ ಹೇಳುವಾಗ ಅತ್ತೆ ಶೇಂಗಾ ಸುಲಿಯುತ್ತಾ ಕೂತಿದ್ದರು. ಮರುದಿನ ಸಂಜೆ ನೋಡಿದರೆ ಔಷಧದ ಬಾಟ್ಲಿ ಅವರ ಮುಷ್ಟಿಯಲ್ಲಿ. ಧಾರಾವಾಹಿ ನೋಡುತ್ತಾ, ಗುಬ್ಬಿಮರಿ ಹಿಡಿದ ಹಾಗೆ ಎರಡೂ ಕೈ ಮುಚ್ಚಿಕೊಂಡಿದ್ದರು. "ಜಾಹೀರಾತು ಬಂತಂದ್ರ ಹೋಗೂಣು, ಅಷ್ಟರಾಗ ಬೆಚ್ಚಗ ಆಗತೈತಿ" ಅಂದರು. ಆಮೇಲೆ ಅದು ಅವರದೇ ಕೆಲಸ ಆಯ್ತು. ಬನಶಂಕರಿ ಜಾತ್ರೆ ದಿನ ಕೂಡ ಹೊತ್ತಿಗೆ ಸರಿಯಾಗಿ ವಾಪಸ್ ಬಂದಿದ್ದರು.

ಗಂಟು ಪೂರ್ತಿ ಹೋಯ್ತು ಅಂತಲ್ಲ. ಆದರೆ ಕುರ್ಚಿ ಮೇಲೆ ಕೂತು ಪಾಠ ಮಾಡಿದೆ. ಎರಡನೇ ಸಲ ಏನಾಯ್ತು ಅಂತ ಇಲ್ಲಿ ಬರೆಯಲ್ಲ, ಗೊತ್ತಿರಬೇಕಾದವರಿಗೆ ಗೊತ್ತಿದೆ.

ಇವತ್ತು ಬೆಳಿಗ್ಗೆ ಜಮಖಂಡಿ ಹುಡುಗಿ ಮತ್ತೆ ಫೋನ್ ಮಾಡಿದ್ದಳು. ಟೆಸ್ಟ್ ಆಗಿದೆ, ಒಂದು ಟ್ಯೂಬ್ ತೆರೆದಿದೆಯಂತೆ.

"ಯಕ್ಕಾ, ನೀ ಹೇಳಿದ್ದಕ್ಕಿಂತ ಜಾಸ್ತಿನ ಆತು."

"ಮಾತ್ರಿ ತಗೊಂಡಿದ್ದಿಲ್ಲೇನ?"

"ತಗೊಂಡಿದ್ದೆ. ಆದ್ರೂ ಆತು. ನಿಲ್ಲಸ್ರೀ ಅಂತ ಚೀರಿದೆ. ನಿಲ್ಲಿಸಿದ್ರು ಯಕ್ಕಾ! ಎರಡ ನಿಮಿಷ ಬಿಟ್ಟು, ಉಸರ ಬಿಡವಾ ಅಂತ ಹೇಳಿ, ಸಾವಕಾಶ ಮಾಡಿದ್ರು."

ನಿಲ್ಲಿಸಿ ಅಂದರೆ ನಿಲ್ಲಿಸುತ್ತಾರೆ ಅಂತ ನನಗೇ ಗೊತ್ತಿರಲಿಲ್ಲ.

"ಆದ್ರ ನೀ ಒಂದ ಹೇಳಿದ್ದಿಲ್ಲ ನೋಡ" ಅಂದಳು. "ಪ್ಯಾಡ್ ಒಯ್ಯಬೇಕಂತ. ಹೊಸ ಇಳಕಲ್ ಸೀರಿ ಉಟ್ಕೊಂಡ ಹೋಗಿದ್ನೆ, ಎಲ್ಲಾ ಕಲಿ ಆತು."

ಪ್ಯಾಡ್ ತಗೊಂಡು ಹೋಗಿ. ಹಳೇ ಸೀರೆ ಉಟ್ಟುಕೊಂಡು ಹೋಗಿ.